ಅಜ್ಜಿಗೆ ಕಾಣುವ ಗಿಡಗಳು

ನಮ್ಮ ಕಾಲೇಜಿನ ಧ್ವಜಕಟ್ಟೆಯ ಹಿಂದೆ ಕ್ರೋಟನ್ ಗಿಡಗಳ ಒಂದು ಸಾಲಿದೆ. ಅಲ್ಲಿ ಎಷ್ಟು ಗಿಡಗಳಿವೆ ಎಂದು ಯಾರನ್ನಾದರೂ ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ಹನ್ನೊಂದಿವೆ. ವಾರ್ಷಿಕೋತ್ಸವದ ದಿನ ನಾವೆಲ್ಲ ಆಫೀಸಿನ ಎದುರಿನ ಗುಲಾಬಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಕ್ರೋಟನ್ ಸಾಲಿನ ಮೇಲೆ ಯಾರೋ ಒದ್ದೆ ಕೊಡೆ ಒಣಗಲು ಹಾಕಿದ್ದರು. ಬ್ಯಾಂಕು, ಪೆಟ್ರೋಲ್ ಬಂಕು, ಆಸ್ಪತ್ರೆಗಳ ಎದುರು ವಾಚ್‌ಮನ್‌ನಂತೆ ನಿಂತಿರುವ ಗಿಡ ಅದು. ದಿನಾ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ. ಹೂವೇ ಬಿಡದ ಗಿಡ ಎಂದು ಹೇಳುವವರೂ ಇದ್ದಾರೆ. ಅದು ತಪ್ಪು. ಕ್ರೋಟನ್ ಹೂ ಬಿಡುತ್ತದೆ. ಎಲೆಗಳ ಸಂದಿನಿಂದ ಹೊರಡುವ ಉದ್ದನೆಯ ಕಡ್ಡಿಯಲ್ಲಿ ಸಣ್ಣ ಸಣ್ಣ ಬಿಳಿ ಹೂಗಳಿರುತ್ತವೆ. ಎಲೆಗಳೇ ಅಷ್ಟು ಬಣ್ಣ ತೊಟ್ಟು ನಿಂತಾಗ ಆ ಹೂವನ್ನು ಯಾರು ನೋಡುತ್ತಾರೆ?

ಇಂಥ ಗಿಡಗಳಿಗೆ ಪುಸ್ತಕದಲ್ಲಿ ನಿತ್ಯಹರಿದ್ವರ್ಣ ಎನ್ನುತ್ತಾರೆ. ಈ ಪದ ಕ್ರೋಟನ್‌ಗೆ ಸ್ವಲ್ಪ ತಮಾಷೆಯಾಗಿದೆ. ವರ್ಷವಿಡೀ ಮೈತುಂಬ ಎಲೆ ಇರುತ್ತದೆ ನಿಜ, ಕಡಿಮೆ ಇರುವುದು ಹಸಿರು ಮಾತ್ರ. ಹೂವಿನ ಗಿಡಕ್ಕೆ ಒಂದು ಕಾಲ ಇರುತ್ತದೆ. ಬಣ್ಣದೆಲೆಯ ಗಿಡ ಜೂನ್ ತಿಂಗಳ ಜಡಿಮಳೆಯಲ್ಲೂ ಏಪ್ರಿಲ್ ಬಿಸಿಲಲ್ಲೂ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಬಣ್ಣದಲ್ಲಿ ಇರುತ್ತದೆ. ಎರಡು ವರ್ಷಗಳಿಂದ ನಮ್ಮ ಮನೆಗೆ ಬೇಕಾಗಿದ್ದುದೂ ಅದೇ.

ಕಾರಣ ನನ್ನ ಅಜ್ಜಿಯ ಕಣ್ಣು. ಅಜ್ಜಿಗೆ ಸಕ್ಕರೆ ಕಾಯಿಲೆ ಶುರುವಾಗಿ ಬಹಳ ವರ್ಷಗಳಾದವು. ಅದು ಕಣ್ಣಿನ ಒಳಗಿನ ಪರದೆಯನ್ನು, ಅಂದರೆ ರೆಟಿನಾವನ್ನು ಹಾಳು ಮಾಡಿದೆ. ಪೊರೆಯ ಆಪರೇಷನ್ ಆಯಿತು, ಲೇಸರ್ ಚಿಕಿತ್ಸೆ ಆಯಿತು. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಸಕ್ಕರೆಯನ್ನು ಹತೋಟಿಯಲ್ಲಿಟ್ಟು ಉಳಿದಿರುವುದನ್ನು ಕಾಪಾಡಿಕೊಳ್ಳಬೇಕು ಎಂದು ಮಂಗಳೂರಿನ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಈಗ ಅಜ್ಜಿಗೆ ಮುಖಗಳು ಗೊತ್ತಾಗುವುದಿಲ್ಲ. ಕತ್ತಲೆ, ಬೆಳಕು, ದೊಡ್ಡ ದೊಡ್ಡ ಬಣ್ಣದ ಪಟ್ಟಿಗಳು ಗೊತ್ತಾಗುತ್ತವೆ. ನನ್ನನ್ನು ಗುರುತಿಸುವುದು ನಡಿಗೆಯ ಸದ್ದಿನಿಂದ.

ನಮ್ಮದು ಬಂಟ್ವಾಳದ ಕಡೆಯ ಹಳ್ಳಿಯಲ್ಲಿರುವ ಹಂಚಿನ ಮನೆ. ಅಜ್ಜಿ ಮದುವೆಯಾಗಿ ಬಂದ ಮನೆ. ಜಗಲಿ ಇಳಿದರೆ ಮೂರು ಮೆಟ್ಟಿಲು, ಆಮೇಲೆ ಅಂಗಳ, ಅಂಗಳದ ತುದಿಯಲ್ಲಿ ಬಾವಿ, ಪಕ್ಕದಲ್ಲಿ ಬಚ್ಚಲು, ಆಚೆ ತಡಮೆ ದಾಟಿದರೆ ಅಡಿಕೆ ತೋಟ. ಕಣ್ಣು ಮುಚ್ಚಿಯೂ ಓಡಾಡಬಲ್ಲೆ ಎಂದು ಅಜ್ಜಿ ಹೇಳುತ್ತಿದ್ದರು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಕೊನೆಯ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಗೊತ್ತಾಗದೆ ಬಿದ್ದರು. ಬಲಗೈ ಮಣಿಗಂಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಜಗಲಿ ಇಳಿಯಲಿಲ್ಲ. ದಮ್ಮಾಮ್‌ನಲ್ಲಿರುವ ದೊಡ್ಡ ಮಾವ ಫೋನ್ ಮಾಡಿ, ಮಂಗಳೂರಿನ ತಮ್ಮ ಫ್ಲ್ಯಾಟಿಗೆ ಅಜ್ಜಿಯನ್ನು ಕರೆದುಕೊಂಡು ಹೋಗುವುದೇ ಒಳ್ಳೆಯದು, ಅಲ್ಲಿ ಮೆಟ್ಟಿಲೂ ಇಲ್ಲ ಬಾವಿಯೂ ಇಲ್ಲ ಎಂದರು. ಮಾವನ ಮಾತು ತಪ್ಪಲ್ಲ. ಆದರೆ ಫೋನ್ ಇಟ್ಟ ಮೇಲೆ ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಗಿಡಗಳ ವಿಚಾರ ಹೊಳೆದದ್ದು ಅಜ್ಜಿಗೇ. ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಬಾವಿಯ ಕಡೆ ಕೈ ತೋರಿಸಿ, “ಅಲ್ಲಿ ಹಳದಿ ಸೀರೆ ಒಣಹಾಕಿದ್ದೀರಾ?” ಎಂದು ಕೇಳಿದರು. ಸೀರೆ ಇರಲಿಲ್ಲ. ಬಾವಿಕಟ್ಟೆಯ ಪಕ್ಕದ ಹಳೆಯ ಕ್ರೋಟನ್ ಇತ್ತು. ಉಮ್ಮ ಮದುವೆಯಾಗಿ ಬರುವ ಮೊದಲೇ ಅಜ್ಜಿ ನೆಟ್ಟ ಗಿಡ, ನನ್ನಷ್ಟೇ ಎತ್ತರ, ಅಗಲವಾದ ಎಲೆಗಳ ತುಂಬ ಹಳದಿ. ನಾವು ಮನೆಯಲ್ಲಿ ಬ್ಯಾರಿ ಮಾತನಾಡುವವರು. ಆ ಗಿಡಕ್ಕೆ ಬ್ಯಾರಿಯಲ್ಲಿ ಬೇರೆ ಹೆಸರು ಅಜ್ಜಿಗೂ ಗೊತ್ತಿಲ್ಲ, ‘ಬಣ್ಣದ ಗಿಡ’ ಎಂದೇ ಕರೆಯುವುದು. “ಅದು ನಿಮ್ಮ ಬಣ್ಣದ ಗಿಡ” ಎಂದೆ. ಅಜ್ಜಿ ಸ್ವಲ್ಪ ಹೊತ್ತು ಅತ್ತಲೇ ನೋಡಿ, “ಹಾಗಾದರೆ ಬಾವಿ ಅಲ್ಲಿದೆ” ಎಂದರು.

ಬಾವಿ ಎಲ್ಲಿದೆಯೆಂದು ಒಂದು ಗಿಡ ಹೇಳುವುದಾದರೆ ಮೆಟ್ಟಿಲು ಎಲ್ಲಿದೆ, ತಿರುವು ಎಲ್ಲಿದೆ ಎಂದು ಬೇರೆ ಗಿಡಗಳೂ ಹೇಳಬಹುದಲ್ಲವೇ ಎಂದು ನಾನೂ ಬಾಪನೂ ಲೆಕ್ಕ ಹಾಕಿದೆವು. ಪೇಟೆಯಲ್ಲಿ ತೋಟ ಮಾಡಿಕೊಡುವವರು ಹುಲ್ಲುಹಾಸಿನ ನಡುವೆ ಒಂದು ಕೆಂಪೆಲೆಯ ಗಿಡ ಇಡುವುದು ನೋಡುವವರ ಕಣ್ಣು ಅಲ್ಲಿ ನಿಲ್ಲಲಿ ಎಂದು. ನಮ್ಮ ಉದ್ದೇಶವೂ ಅದೇ, ಕಣ್ಣು ಮಾತ್ರ ಒಬ್ಬರದೇ. ಒಟ್ಟು ಐದು ಜಾಗ ಗುರುತು ಮಾಡಿದೆವು: ಮೆಟ್ಟಿಲು, ಅಂಗಳದ ತಿರುವು, ಬಾವಿ, ಬಚ್ಚಲಿನ ಬಾಗಿಲು, ತಡಮೆ. ಚಟ್ಟಿಗಳನ್ನು ನಡೆಯುವ ದಾರಿಯಲ್ಲಿ ಇಡಲಿಲ್ಲ, ಒಂದು ಮೊಳ ಹೊರಗಡೆ ಇಟ್ಟೆವು. ಒಮ್ಮೆ ಇಟ್ಟ ಚಟ್ಟಿಯನ್ನು ಗುಡಿಸುವುದಕ್ಕಾಗಲಿ ಚಂದಕ್ಕಾಗಲಿ ಯಾರೂ ಸರಿಸಬಾರದು ಎಂದು ಬಾಪ ಕಾನೂನು ಮಾಡಿದರು. ಅದಕ್ಕೇ ಹಗುರವಾದ ಪ್ಲಾಸ್ಟಿಕ್ ಬಿಟ್ಟು ಸಿಮೆಂಟಿನ ಚಟ್ಟಿ ತಂದದ್ದು. ನನ್ನ ತಮ್ಮ ಕ್ರಿಕೆಟ್ ಬಾಲ್ ಹೊಡೆದರೂ ಅದು ಅಲುಗುವುದಿಲ್ಲ.

ಯಾವ ಬಣ್ಣದ ಗಿಡ ಎಲ್ಲಿ ಎನ್ನುವುದನ್ನು ಗಿಡ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಹಿಂದಿನ ಗೋಡೆ ನೋಡಬೇಕು. ಇದು ನನಗೆ ಸಿಕ್ಕ ಮುಖ್ಯವಾದ ಪಾಠ. ಬಾವಿಯ ಹಳದಿ ಗಿಡ ಅಷ್ಟು ದೂರಕ್ಕೆ ಕಂಡದ್ದು ಅದರ ಹಿಂದಿದ್ದ ಮುರಕಲ್ಲಿನ ಗೋಡೆ ಮಳೆಗೆ ಪಾಚಿ ಹಿಡಿದು ಕಪ್ಪಾಗಿತ್ತು ಎಂಬ ಕಾರಣಕ್ಕೆ. ಅದೇ ಗಿಡ ಸುಣ್ಣದ ಗೋಡೆಯ ಮುಂದಿದ್ದರೆ ಅಜ್ಜಿಯ ಪಾಲಿಗೆ ಗೋಡೆಯಲ್ಲೇ ಕರಗಿಹೋಗುತ್ತಿತ್ತು. ನೀವೂ ಪರೀಕ್ಷಿಸಬಹುದು. ಗಿಡವನ್ನು ಅದರ ಹಿನ್ನೆಲೆಯೊಂದಿಗೆ ಮೊಬೈಲಿನಲ್ಲಿ ಕಪ್ಪು ಬಿಳುಪಿನ ಫೋಟೋ ತೆಗೆಯಿರಿ. ಆಗಲೂ ಗಿಡ ಎದ್ದು ಕಂಡರೆ ಆ ಜಾಗ ಸರಿ. ತಡಮೆಯ ಬಳಿ ಬಾಪ ಆಸೆಯಿಂದ ಆರಿಸಿದ್ದು ತಾಮ್ರದ ಬಣ್ಣದ ಅಕಾಲಿಫಾ. ನಮ್ಮ ಕಣ್ಣಿಗೆ ಅಡಿಕೆ ತೋಟದ ಹಸಿರಿನ ಮುಂದೆ ಬೆಂಕಿಯಂತೆ ಕಾಣುತ್ತಿತ್ತು. ಕಪ್ಪು ಬಿಳುಪಿನಲ್ಲಿ ನೋಡಿದರೆ ಗಿಡವೂ ತೋಟವೂ ಒಂದೇ ಬೂದು. ಅಜ್ಜಿಯನ್ನು ಕೇಳಿದೆವು, “ತೋಟ ಕಾಣುತ್ತದೆ” ಎಂದರು ಅಷ್ಟೇ. ಕೆಂಪು ಹಸಿರು ಬೇರೆ ಬೇರೆ ಬಣ್ಣ ನಿಜ, ಆದರೆ ಎರಡೂ ಅಷ್ಟೇ ಗಾಢ. ಮಂದ ಕಣ್ಣಿಗೆ ಬೇಕಾಗುವುದು ಬಣ್ಣದ ವ್ಯತ್ಯಾಸಕ್ಕಿಂತ ತಿಳಿ ಮತ್ತು ಗಾಢದ ವ್ಯತ್ಯಾಸ. ಅಲ್ಲಿಗೆ ಈಗ ಚಿನ್ನದ ಬಣ್ಣದ ಡುರಾಂಟಾ ಬಂದಿದೆ, ರಸ್ತೆ ಬದಿಯ ಪಾರ್ಕುಗಳಲ್ಲಿ ಬೇಲಿಯಾಗಿ ಕತ್ತರಿಸಿ ನಿಲ್ಲಿಸಿರುತ್ತಾರಲ್ಲ, ಅದೇ. ಅದರ ಕಾಯಿ ವಿಷ, ಮಕ್ಕಳಿರುವ ಮನೆಯಲ್ಲಿ ಹೂ ಬಿಡುವ ಮೊದಲೇ ಕತ್ತರಿಸುತ್ತಿರಬೇಕು. ಅಕಾಲಿಫಾ ಈಗ ಗೇಟಿನ ಹೊರಗೆ ಸುಮ್ಮನೆ ಚಂದಕ್ಕೆ ಇದೆ.

ಅಂಗಳದ ತಿರುವಿನಲ್ಲಿ ಬಿಳಿ ಕಾಂಪೌಂಡ್ ಗೋಡೆ. ಅಲ್ಲಿ ಲೆಕ್ಕ ತಿರುಗುಮುರುಗು, ಗಾಢವಾದ ಎಲೆ ಬೇಕು. ಕದ್ರಿ ಪಾರ್ಕಿನಲ್ಲಿ ಗಣರಾಜ್ಯೋತ್ಸವದ ಸಮಯಕ್ಕೆ ನಡೆಯುವ ಫಲಪುಷ್ಪ ಪ್ರದರ್ಶನದಿಂದ ಕಡು ನೇರಳೆಗೆಂಪು ಎಲೆಯ ಒಂದು ಗಿಡ ತಂದೆವು. ಮಾರಿದವರು ಡ್ರೆಸೀನಾ ಎಂದರು. ಚಟ್ಟಿ ಬದಲಿಸುವಾಗ ಬೇರು ನೋಡಿದರೆ ಬಿಳಿ. ಡ್ರೆಸೀನಾದ ಬೇರು ಹಳದಿ ಅಥವಾ ಕಿತ್ತಳೆ ಬಣ್ಣದ್ದಿರುತ್ತದೆ, ಬಿಳಿ ಬೇರಿನದ್ದು ಕಾರ್ಡಿಲೈನ್. ಹೆಸರಿನ ಗೊಂದಲ ಈ ಗಿಡಗಳಲ್ಲಿ ಬಹಳ. ‘ಸಾಂಗ್ ಆಫ್ ಇಂಡಿಯಾ’ ಎಂದು ಹಳದಿ ಅಂಚಿನ ಎಲೆಯ ಡ್ರೆಸೀನಾ ಒಂದನ್ನು ಮಾರುತ್ತಾರೆ. ಅದರ ಮೂಲ ಇಂಡಿಯಾ ಅಲ್ಲ, ಮಡಗಾಸ್ಕರ್ ಮತ್ತು ಅದರ ಸುತ್ತಲಿನ ಹಿಂದೂ ಮಹಾಸಾಗರದ ದ್ವೀಪಗಳು. ನಮ್ಮ ಕ್ರೋಟನ್ ಕೂಡ ಸಸ್ಯಶಾಸ್ತ್ರದ ಪ್ರಕಾರ ಕ್ರೋಟನ್ ಅಲ್ಲ. ಆ ಕತೆ ಆಮೇಲೆ ಹೇಳುತ್ತೇನೆ.

ಮೆಟ್ಟಿಲಿಗೆ ಕೆಂಪು ಸಿಮೆಂಟ್ ಇದೆ. ಅಲ್ಲಿ ಎರಡೂ ಬದಿಗೆ ಉದ್ದನೆಯ ಕಿರಿದಾದ ಎಲೆಯ, ಹಳದಿ ಚುಕ್ಕೆ ದಟ್ಟವಾಗಿ ಚೆಲ್ಲಿದ ಕ್ರೋಟನ್ ಇಟ್ಟೆವು. ಎರಡು ಹಳದಿಗಳ ನಡುವೆ ಇಳಿದರೆ ಕೊನೆಯ ಮೆಟ್ಟಿಲು, ಅವು ಹಿಂದಾದರೆ ಅಂಗಳ.

ಕಷ್ಟ ಕೊಟ್ಟದ್ದು ಬಚ್ಚಲಿನ ಬಾಗಿಲು. ಅಲ್ಲಿ ಹಲಸಿನ ಮರದ ನೆರಳು, ಬಿಸಿಲು ಬೀಳುವುದೇ ಇಲ್ಲ. ಕ್ರೋಟನ್‌ನ ಬಣ್ಣ ಅದು ಪಡೆದ ಬೆಳಕಿನ ಲೆಕ್ಕ ಇದ್ದ ಹಾಗೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಿಕ್ಕರೆ ಎಲೆ ಹಳದಿಯಿಂದ ಕಿತ್ತಳೆ, ಕೆಂಪಿನವರೆಗೆ ಹೋಗುತ್ತದೆ. ನೆರಳಿನಲ್ಲಿಟ್ಟರೆ ಗಿಡ ಸಾಯುವುದಿಲ್ಲ, ಹೊಸ ಎಲೆಗಳು ಹಸಿರಾಗುತ್ತಾ ಹೋಗುತ್ತವೆ, ಅಷ್ಟೇ. ಗಿಡದ ಮಟ್ಟಿಗೆ ಅದು ಬುದ್ಧಿವಂತಿಕೆ. ಬೆಳಕು ಕಡಿಮೆಯಾದರೆ ಆಹಾರ ಮಾಡಲು ಹಸಿರು ಹೆಚ್ಚು ಬೇಕು. ಗಿಡಕ್ಕೆ ಬಿಸಿಲು ಬೇಕು, ಅಜ್ಜಿಗೆ ಗಿಡ ಅಲ್ಲೇ ಬೇಕು. ಬೆಳಗ್ಗೆ ಬಿಸಿಲಿಗಿಟ್ಟು ಸಂಜೆ ವಾಪಸು ತಂದಿಡೋಣ ಎಂದರೆ ಕ್ರೋಟನ್‌ಗೆ ಜಾಗ ಬದಲಿಸಿದರೆ ಸಿಟ್ಟು, ವಾರದೊಳಗೆ ಎಲೆ ಉದುರಿಸಿ ಕೋಲಾಗಿ ನಿಲ್ಲುತ್ತದೆ. ಹೊಸ ಗಿಡ ಕೊಂಡು ತಂದ ವಾರವೇ ಎಲೆ ಉದುರಿತು, ನರ್ಸರಿಯವರು ಮೋಸ ಮಾಡಿದರು ಎಂದು ಬೈಯುವವರಿದ್ದಾರೆ. ಬಹುತೇಕ ಅದು ಮೋಸವಲ್ಲ, ಜಾಗ ಬದಲಾದ ಬೇಸರ. ಆ ಹೊತ್ತಿನಲ್ಲಿ ಗಾಬರಿಯಾಗಿ ನೀರು ಸುರಿದರೆ ಬೇರು ಕೊಳೆಯುತ್ತದೆ. ಸುಮ್ಮನೆ ಬಿಟ್ಟರೆ ಚಿಗುರುತ್ತದೆ. ಹಲಸಿನ ಕೊಂಬೆ ಕಡಿಯುವ ಮಾತೂ ಬಂತು. ಹಣ್ಣು ಬಿಡುವ ಕೊಂಬೆ ಅದು ಎಂದು ಅಜ್ಜಿಯೇ ಬೇಡವೆಂದರು. ಕೊನೆಗೆ ಬಚ್ಚಲಿನ ಹತ್ತಿರಕ್ಕೆ ಅಗ್ಲೋನಿಮಾ ಆರಿಸಿದೆವು. ಎಲೆಯ ಮೇಲೆ ಬೂದಿ ಬಳಿದಂತೆ ಬೆಳ್ಳಿಯ ಬಣ್ಣ, ನೆರಳಿನಲ್ಲೂ ಅದು ಹಾಗೇ ಉಳಿಯುತ್ತದೆ. ಪಾಚಿಗಟ್ಟಿದ ಕಪ್ಪು ಗೋಡೆಯ ಮುಂದೆ ಸಂಜೆ ಹೊತ್ತಿಗೂ ಬೆಳ್ಳಗೆ ತೋರುತ್ತದೆ.

ಸಾಕುವ ಕೆಲಸದಲ್ಲಿ ದೊಡ್ಡ ವಿದ್ಯೆಯೇನಿಲ್ಲ. ನಾವು ಕಲಸಿದ್ದು ಕೆಂಪು ಮಣ್ಣು, ಹೊಯಿಗೆ, ಹಳೆಯ ಹಟ್ಟಿಗೊಬ್ಬರ, ಅದರ ಮೇಲೆ ಎರಡು ಹಿಡಿ ಸುಡುಮಣ್ಣು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಹಾಗಾಗಿ ಇಲ್ಲಿ ಚಟ್ಟಿಯ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ನೀರು ನಿಂತು. ತಳದ ತೂತಿನ ಮೇಲೆ ಗೆರಟೆಯ ಚೂರು ಕವುಚಿ ಇಟ್ಟು ಮಣ್ಣು ತುಂಬಬೇಕು. ಚಟ್ಟಿಯನ್ನು ನೆಲಕ್ಕೆ ತಾಗಿಸದೆ ಮೂರು ಮುರಕಲ್ಲಿನ ತುಂಡುಗಳ ಮೇಲೆ ಕೂರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ನೀರಿನ ಪಾತ್ರೆ ಮುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಬೆರಳನ್ನು ಮಣ್ಣಿಗೆ ಒಂದು ಇಂಚು ಇಳಿಸಿ, ಒಣಗಿದ್ದರೆ ಕೊಡುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಅಂದರೆ ಹೆಚ್ಚುಕಡಿಮೆ ದಿನಾ. ಹಿಟ್ಟು ತಿಗಣೆ ಎಲೆಯ ಬುಡದಲ್ಲಿ ಬಿಳಿ ಹತ್ತಿಯಂತೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಸಾಬೂನು ನೀರು ಸಿಂಪಡಿಸಿದರೆ ಮೊದಲ ಹಂತದಲ್ಲಿ ಹೋಗುತ್ತದೆ. ಎಲೆ ಒರೆಸುವುದು ನಮ್ಮ ಮನೆಯಲ್ಲಿ ಹುಳಕ್ಕಾಗಿ ಮಾತ್ರ ಅಲ್ಲ. ಜನವರಿಯ ಮೇಲೆ ರಸ್ತೆಯ ಕೆಂಪು ಧೂಳು ಕೂತರೆ ಹಳದಿ ಮಂಕಾಗುತ್ತದೆ, ಅಜ್ಜಿಗೆ ಹತ್ತು ಹೆಜ್ಜೆ ಹತ್ತಿರ ಬರುವ ತನಕ ತೋರುವುದಿಲ್ಲ. ಶುಕ್ರವಾರ ಬೆಳಗ್ಗೆ ಒರೆಸುವ ಕೆಲಸ ತಮ್ಮನದು, ಪ್ರತಿ ವಾರ ಹತ್ತು ರೂಪಾಯಿಯ ಒಪ್ಪಂದ.

ಒಂದು ಎಚ್ಚರಿಕೆ ಹೇಳಲೇಬೇಕು. ಕ್ರೋಟನ್‌ನ ಕೊಂಬೆ ಮುರಿದರೆ ಬರುವ ಸೊನೆ ಚರ್ಮಕ್ಕೆ ತುರಿಕೆ ತರಬಹುದು, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹೊಟ್ಟೆಗೆ ಹೋದರೆ ವಿಷ. ಹರಳು, ಮರಗೆಣಸು, ರಬ್ಬರ್ ಇವೆಲ್ಲ ಇದರ ಕುಟುಂಬದವೇ. ನಮ್ಮ ಆಡುಗಳು ಸಿಕ್ಕಿದ್ದೆಲ್ಲ ತಿನ್ನುತ್ತವೆ, ಇದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ. ಅಜ್ಜಿಗೆ ಎಲೆ ಮುಟ್ಟಿ ನೋಡುವ ಅಭ್ಯಾಸ. ಮುಟ್ಟಿದರೆ ತೊಂದರೆಯಿಲ್ಲ, ಚಿವುಟಬಾರದು ಎಂದು ಹೇಳಿದ್ದೇವೆ. ಕತ್ತರಿಸುವ ದಿನ ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತೇನೆ.

ಎಲೆಯ ಒಳಗೆ ಏನಿದೆ ಎಂದು ನಾವು ವಿಜ್ಞಾನದವರು ಓದಿಯೇ ಇದ್ದೇವೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಪಿಷ್ಟದ ಪ್ರಯೋಗಕ್ಕೆ ಹೇಳಿದ ಗಿಡಗಳು ಮನಿ ಪ್ಲಾಂಟ್ ಅಥವಾ ಕ್ರೋಟನ್. ಎಲೆಯನ್ನು ಕುದಿಸಿ, ಆಲ್ಕೋಹಾಲಿನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿದರೆ ಹಸಿರಿದ್ದ ಭಾಗ ಮಾತ್ರ ನೀಲಿ ಕಪ್ಪಾಗುತ್ತದೆ. ಹಳದಿ ಇದ್ದ ಜಾಗದಲ್ಲಿ ಪಿಷ್ಟ ಇಲ್ಲ. ನಾವು ಪರೀಕ್ಷೆಗೆ ಬರೆದು ಅಲ್ಲಿಗೇ ಬಿಟ್ಟ ಈ ಸಂಗತಿ ಗಿಡ ಸಾಕುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಹಳದಿ ಹೆಚ್ಚಿದ್ದಷ್ಟೂ ಗಿಡದ ಸಂಪಾದನೆ ಕಡಿಮೆ, ಬೆಳವಣಿಗೆ ನಿಧಾನ. ಆದ್ದರಿಂದಲೇ ಬಣ್ಣದ ಗಿಡದಲ್ಲಿ ಎಲ್ಲಾದರೂ ಪೂರ್ತಿ ಹಸಿರಾದ ಒಂದು ಕೊಂಬೆ ಹೊರಟರೆ ಅದು ಉಳಿದವನ್ನು ಮೀರಿ ಬೆಳೆದುಬಿಡುತ್ತದೆ. ಕನಿಕರ ತೋರಿಸದೆ ಬುಡಕ್ಕೆ ಕತ್ತರಿಸಬೇಕು. ಕೆಂಪು ಮತ್ತು ನೇರಳೆಯ ಲೆಕ್ಕ ಬೇರೆ. ಅದು ಆಂಥೋಸಯನಿನ್, ಅದರ ಅಡಿಯಲ್ಲಿ ಹಸಿರು ಅಡಗಿರುತ್ತದೆ, ಆ ಭಾಗ ಅಡುಗೆ ಮಾಡುತ್ತಲೇ ಇರುತ್ತದೆ. ತೀರಾ ಜೋರಾದ ಬೆಳಕಿನಿಂದ ಎಲೆಯನ್ನು ಕಾಯುವ ಕೊಡೆಯಂತೆ ಅದು ಕೆಲಸ ಮಾಡುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಇನ್ನು ಕ್ರೋಟನ್ ಕ್ರೋಟನ್ ಅಲ್ಲ ಎಂಬ ಕತೆ. ನಮ್ಮ ಜೀವಶಾಸ್ತ್ರ ಮೇಡಂ ಇದರ ವೈಜ್ಞಾನಿಕ ಹೆಸರು ಕೋಡಿಯಮ್ ವೇರಿಗೇಟಮ್ ಎಂದು ಹೇಳಿ, ಉಳಿದದ್ದನ್ನು ಲೈಬ್ರರಿಯಲ್ಲಿ ಹುಡುಕು ಎಂದಿದ್ದರು. ಇದರ ತವರು ಇಂಡೋನೇಷ್ಯಾ, ಮಲೇಷ್ಯಾದಿಂದ ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ಪೆಸಿಫಿಕ್ ದ್ವೀಪಗಳವರೆಗಿನ ಸೀಮೆ. ಅಲ್ಲಿನ ಆಂಬೋನ್ ದ್ವೀಪದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ರಂಫಿಯಸ್ ಎಂಬ ಜರ್ಮನ್ ಮನುಷ್ಯ ಆ ದ್ವೀಪಗಳ ಗಿಡಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಸ್ಥಳೀಯರ ಹೆಸರನ್ನೇ ಹಿಡಿದು ಇದನ್ನು ಕೋಡಿಯಮ್ ಎಂದು ಕರೆದ. 1753ರಲ್ಲಿ ಲಿನ್ನೇಯಸ್ ಇದನ್ನು ಕ್ರೋಟನ್ ಎಂಬ ಬೇರೆ ಕುಲಕ್ಕೆ ಸೇರಿಸಿದ. ಜಾಪಾಳ ಇರುವ ಕುಲ ಅದು. 1824ರಲ್ಲಿ ಜ್ಯೂಸಿಯೂ ಅಲ್ಲಿಂದ ಬಿಡಿಸಿ ಹಳೆಯ ಹೆಸರಿಗೇ ಮರಳಿಸಿದ. ಪುಸ್ತಕದಲ್ಲಿ ಹೆಸರು ಸರಿಹೋಯಿತು, ಜನರ ಬಾಯಲ್ಲಿ ಕ್ರೋಟನ್ ಉಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಲ್ಲ, ರಂಫಿಯಸ್‌ನ ಬದುಕು. ಆತ 1670ರಲ್ಲಿ ಕುರುಡನಾದ. ಅದಾದ ಮೇಲೂ ಕೆಲಸ ಬಿಡಲಿಲ್ಲ. 1674ರ ಭೂಕಂಪದಲ್ಲಿ ಹೆಂಡತಿ ಮತ್ತು ಒಬ್ಬ ಮಗಳು ತೀರಿಕೊಂಡರು. 1687ರಲ್ಲಿ ಬೆಂಕಿ ಬಿದ್ದು ಚಿತ್ರಗಳು ಸುಟ್ಟುಹೋದವು, ಮತ್ತೆ ಬರೆಸಿದ. 1692ರಲ್ಲಿ ಹಸ್ತಪ್ರತಿ ಹೊತ್ತ ಹಡಗನ್ನು ಫ್ರೆಂಚರು ಮುಳುಗಿಸಿದರು, ಒಂದು ನಕಲು ಇಟ್ಟುಕೊಂಡಿದ್ದರಿಂದ ಕೆಲಸ ಉಳಿಯಿತು. 1702ರಲ್ಲಿ ಆತ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1741ರಿಂದ 1750ರ ನಡುವೆ. ತನ್ನ ಹೆಸರಿನ ಪುಸ್ತಕವನ್ನು ಆತ ಕೈಯಲ್ಲಿ ಹಿಡಿಯಲೂ ಇಲ್ಲ.

ಇದನ್ನು ಅಜ್ಜಿಗೆ ಹೇಳಿದೆ. ನಾನು ಮೆಚ್ಚುಗೆಯ ಮಾತು ನಿರೀಕ್ಷಿಸಿದ್ದೆ. ಅಜ್ಜಿ ಕೇಳಿದ್ದು, “ಅವನಿಗೆ ಯಾರು ಬರೆದುಕೊಡುತ್ತಿದ್ದರು?” ಮಗ ಇದ್ದ, ಕಂಪನಿ ಕೊಟ್ಟ ಬರಹಗಾರರೂ ಇದ್ದರು ಎಂದೆ. “ಮತ್ತೆ?” ಎಂದರು. “ಜನ ಇದ್ದರೆ ಆಗುತ್ತದೆ.”

ಕಳೆದ ಡಿಸೆಂಬರ್‌ನಲ್ಲಿ ದೊಡ್ಡ ಮಾವ ರಜೆಗೆ ಬಂದಿದ್ದರು. ಫ್ಲ್ಯಾಟಿನ ಬಾಡಿಗೆದಾರರಿಗೆ ಖಾಲಿ ಮಾಡಲು ಹೇಳಿಯೇ ಬಂದಿದ್ದರು, ಅಂದರೆ ಅವರ ಮಟ್ಟಿಗೆ ತೀರ್ಮಾನ ಆಗಿತ್ತು. ಮೊದಲ ಬೆಳಗ್ಗೆ ಎಲ್ಲರೂ ಚಾ ಕುಡಿಯುತ್ತಿದ್ದಾಗ ಅಜ್ಜಿ ಎದ್ದು ಕೋಲು ಹಿಡಿದು ಮೆಟ್ಟಿಲಿಳಿದರು. ಮಾವ ಎದ್ದರು, ಬಾಪ ಅವರ ಕೈ ಹಿಡಿದು ಕೂರಿಸಿದರು. ಅಜ್ಜಿ ಹಳದಿಗಳ ನಡುವೆ ಇಳಿದು, ಕಡು ಗಿಡದ ಬಳಿ ಎಡಕ್ಕೆ ತಿರುಗಿ, ಬಾವಿಯನ್ನು ಬಲಕ್ಕೆ ಬಿಟ್ಟು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಅದೇ ದಾರಿಯಲ್ಲಿ ಬಂದರು. ನಿಧಾನವಾಗಿ, ಎರಡು ಕಡೆ ನಿಂತು. ಮಾವ ಏನೂ ಹೇಳಲಿಲ್ಲ. ಮಧ್ಯಾಹ್ನ ಒಬ್ಬರೇ ಅಂಗಳಕ್ಕಿಳಿದು ಚಟ್ಟಿಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಒಂದನ್ನು ಕಾಲಿನಿಂದ ಅಲುಗಿಸಿಯೂ ನೋಡಿದರು. ಸಂಜೆ ಪೇಟೆಗೆ ಹೋಗಿ ಮೆಟ್ಟಿಲಿಗೆ ಸ್ಟೀಲಿನ ಕೈಪಿಡಿ ಹಾಕಿಸಲು ಅಳತೆ ಕೊಟ್ಟು ಬಂದರು. ಗಿಡಕ್ಕಿಂತ ಕೈಪಿಡಿ ಗಟ್ಟಿ ಎಂಬುದು ಅವರ ವಾದ. ಅದು ಸರಿಯೇ, ನಾವು ಮೊದಲೇ ಹಾಕಿಸಬಹುದಿತ್ತು ಎಂದು ಉಮ್ಮ ಕೂಡ ಹೇಳಿದರು. ಫ್ಲ್ಯಾಟಿನ ಮಾತು ಮುಂದಿನ ರಜೆಗೆ ಹೋಯಿತು. ಮುಗಿದಿಲ್ಲ, ಮುಂದೆ ಹೋಗಿದೆ.

ಏಕೆಂದರೆ ಕಣ್ಣು ನಿಂತಲ್ಲಿ ನಿಂತಿಲ್ಲ. ಫೆಬ್ರವರಿಯ ತಪಾಸಣೆಯಲ್ಲಿ ಎಡಗಣ್ಣು ಇನ್ನಷ್ಟು ಮಂದವಾಗಿದೆ ಎಂದರು. ಮನೆಯಲ್ಲಿ ನಮಗೆ ಅದು ಗಿಡಗಳಿಂದಲೇ ಗೊತ್ತಾಗಿತ್ತು. ತಿರುವಿನ ಕಾರ್ಡಿಲೈನ್ ಮೊದಲು ಮೆಟ್ಟಿಲಿನಿಂದಲೇ ತೋರುತ್ತಿತ್ತು, ಈಗ ಆರು ಹೆಜ್ಜೆ ನಡೆದ ಮೇಲೆ. ಒಂದೇ ಚಟ್ಟಿ ಇದ್ದಲ್ಲಿ ಈಗ ಮೂರು ಸೇರಿಸಿ ದೊಡ್ಡ ಗುಂಪು ಮಾಡಿದ್ದೇವೆ, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದೇವೆ. ಬಾವಿಯ ಹಳದಿ ಮಾತ್ರ ಇನ್ನೂ ಜಗಲಿಯಿಂದಲೇ ಕಾಣುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅಜ್ಜಿ ಅತ್ತ ತಿರುಗುತ್ತಾರೆ. ಕಾಣುತ್ತದೆಯೇ ಎಂದು ನಾವು ಕೇಳುವುದಿಲ್ಲ. ಅವರೇ “ಇದೆ” ಎನ್ನುತ್ತಾರೆ, ಮಂಜು ಇದ್ದ ದಿನ ಸ್ವಲ್ಪ ತಡವಾಗಿ.

ಒಂದೇ ಗಿಡವನ್ನು ನಂಬಿ ಕೂರಲಾಗುವುದಿಲ್ಲವಲ್ಲ. ಹಳೆಯ ಗಿಡ, ಬುಡದಲ್ಲಿ ಎಲೆಯಿಲ್ಲದೆ ಬೋಳಾಗಿದೆ. ಕಾಲೇಜಿನ ತೋಟದ ಕೆಲಸದ ಕಾಕ ಗೂಟಿ ಕಟ್ಟುವುದನ್ನು ಹೇಳಿಕೊಟ್ಟರು. ಪೆನ್ಸಿಲಿನಷ್ಟು ದಪ್ಪದ ಕೊಂಬೆಯಲ್ಲಿ ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆಯಬೇಕು. ಸೊನೆ ಒರೆಸಿ, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಷ್ಟು ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಎಲೆ ಮಾಡಿದ ಆಹಾರ ತೊಗಟೆಯ ದಾರಿಯಲ್ಲಿ ಕೆಳಗಿಳಿಯಲಾಗದೆ ಅಲ್ಲಿ ಸೇರುತ್ತದೆ, ಬೇರು ಬರುತ್ತದೆ. ನೀರು ಮಾತ್ರ ಒಳಗಿನ ಕಟ್ಟಿಗೆಯಲ್ಲಿ ಎಂದಿನಂತೆ ಮೇಲೇರುವುದರಿಂದ ಎಲೆ ಬಾಡುವುದಿಲ್ಲ. ಝೈಲೆಮ್, ಫ್ಲೋಯೆಮ್ ಅಂದರೇನು ಎಂದು ಇಷ್ಟು ಚೆನ್ನಾಗಿ ನನಗೆ ಯಾವ ನೋಟ್ಸಿನಿಂದಲೂ ಅರ್ಥವಾಗಿರಲಿಲ್ಲ. ಒಂದೂವರೆ ತಿಂಗಳಾಗುವಾಗ ಪ್ಲಾಸ್ಟಿಕ್‌ನ ಒಳಗೆ ಬಿಳಿ ಬೇರು ತೋರಲಾರಂಭಿಸುತ್ತದೆ. ಬೇರು ತುಂಬಿದ ಮೇಲೆ ಅದರ ಕೆಳಗೆ ಕತ್ತರಿಸಿ ನೆಡುವುದು. ತುಂಡು ಚುಚ್ಚಿದರೂ ಮಳೆಗಾಲದಲ್ಲಿ ಬದುಕುತ್ತದೆ, ಆದರೆ ಅದು ಗಿಡದಂತಾಗಲು ವರ್ಷ ಬೇಕು. ಗೂಟಿಯಲ್ಲಿ ಮೊದಲ ದಿನವೇ ಎರಡಡಿ ಎತ್ತರದ, ಬಣ್ಣ ತುಂಬಿದ ಗಿಡ ಸಿಗುತ್ತದೆ. ನಮಗೆ ವರ್ಷ ಕಾಯುವ ಅನುಕೂಲ ಇಲ್ಲ.

ಬಾವಿಯ ಗಿಡಕ್ಕೆ ಏಳು ಗೂಟಿ ಕಟ್ಟಿದ್ದೇನೆ. ಎಲ್ಲಿ ಕಟ್ಟುವುದೆಂದು ಕೊಂಬೆಗಳನ್ನು ಮುಟ್ಟಿ ಆರಿಸಿದವರು ಅಜ್ಜಿ. ಐದರಲ್ಲಿ ಬೇರು ಬಂದಿದೆ. ಮೂರು ಅಂಗಳಕ್ಕೆ, ನನ್ನ ಪರೀಕ್ಷೆ ಮುಗಿದ ವಾರ ನೆಡುವುದು. ಒಂದು ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿಗೆ, ಅಲ್ಲಿಗೆ ಹೋಗುವ ದಿನ ಬಂದರೆ ಗುರುತಿನದ್ದೊಂದು ಮೊದಲೇ ಇರಲಿ ಎಂದು ಅಜ್ಜಿಯೇ ಹೇಳಿದ್ದು. ಆ ಬಾಲ್ಕನಿಗೆ ಪೂರ್ವದ ಬಿಸಿಲು ಇದೆಯೇ ಎಂದು ಮಾವನಿಗೆ ಫೋನ್ ಮಾಡಿ ಕೇಳಿದ್ದೇನೆ.

ಇನ್ನೊಂದು ಉಳಿಯುತ್ತದೆ. ನಿಮ್ಮ ಮನೆಯಲ್ಲೂ ಮೆಟ್ಟಿಲು ತಡಕಾಡುವ ಹಿರಿಯರಿದ್ದರೆ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ನನ್ನನ್ನು ಕೇಳಿ, ಕೊಡುತ್ತೇನೆ. ಚಟ್ಟಿ ನೀವೇ ತರಬೇಕು, ತಳದಲ್ಲಿ ತೂತು ಇರುವುದು. ಬರುವ ಮೊದಲು ನಿಮ್ಮ ಗೋಡೆಯ ಬಣ್ಣ ಯಾವುದೆಂದು ನೋಡಿಕೊಂಡು ಬನ್ನಿ.